ಬಲದ ಲೆಕ್ಕ ಇಡುವ ಕಾಕಾ

ಭೀಮಾ ತೀರದ ಅಗರಖೇಡದಂಥ ಊರಿನ ಚಹಾ ಅಂಗಡಿಯಲ್ಲಿ ಈ ಕಾಕಾ ಇದ್ದೇ ಇರುತ್ತಾನೆ. ಲಿಂಬೆಯ ಧಾರಣೆ ಅವನಿಗೆ ಬೇಡ, ಪಂಚಾಯಿತಿ ರಾಜಕಾರಣವೂ ಬೇಡ. ಮೊಬೈಲಿನಲ್ಲಿ ಹಾಲಿವುಡ್ಡಿನ 'ಅವೆಂಜರ್ಸ್' ಸಿನಿಮಾಗಳನ್ನು ನೋಡಿ ಮುಗಿಸಿದನೆಂದರೆ ತಕರಾರು ಶುರು. “ಅಲ್ಲೋ ತಮ್ಮಾ, 2018ರ ಸಿನಿಮಾದಾಗ ಆ ಖಳ ಥಾನೋಸನ ಕೈಯಾಗ ಬಲ ಕೊಡೂ ಆರೂ ಹರಳ ಇದ್ದೂವು. ಆದ್ರೂ ಥಾರ್ ಒಂದ ಕೊಡಲಿಲೆ ಅಂವನ ಎದಿ ಸೀಳಿದ. 2019ರದ್ರಾಗ ಅಂವಗ ಒಂದೂ ಹರಳಿಲ್ಲ, ಥಾರನ ಕೈಯಾಗ ಕೊಡಲಿನೂ ಐತಿ, ಸುತ್ತಿಗಿನೂ ಐತಿ, ಜೋಡಿ ಇನ್ನಿಬ್ಬರು ಅದಾರ. ಮೂರೂ ಮಂದಿ ಕೂಡಿ ಬಡಿಸಿಕೊಂಡ್ರು! ಅದ ಥಾನೋಸನ್ನ ವಾಂಡಾ ಒಬ್ಬಾಕಿ ಗಾಳ್ಯಾಗ ಎತ್ತಿ ಹಿಡದ್ಲು. ಹಂಗಾರ ಉಳದ ದಂಡ ಯಾಕ ಬೇಕಿತ್ತು?” ಹುಡುಗ ಬಾಯಿ ತಪ್ಪಿ “ಅದು ಸಿನಿಮಾ ರೀ ಕಾಕಾ” ಎಂದರೆ ಅವನ ಕತೆ ಮುಗಿಯಿತು, ಹಲ್ಕ್, ಹಾಕ್‌ಐ ಎಲ್ಲರ ಬಾಕಿಯೂ ಆ ಹುಡುಗನಿಂದಲೇ ವಸೂಲಿ.

ಕಾಕಾನನ್ನು ನೋಡಿ ನಗುವುದು ಸುಲಭ, ಆದರೆ ಅವನ ತಕರಾರಿನಲ್ಲಿ ಅರ್ಧ ನಿಜವಿದೆ. ಹತ್ತು ವೀರರನ್ನು ಒಂದೇ ಚಿತ್ರದಲ್ಲಿ ತುಂಬಿದಾಗ ಎಲ್ಲರಿಗೂ ಪಾಲು ಕೊಡಬೇಕು, ಎಲ್ಲರಿಗಿಂತ ಬಲಶಾಲಿಯಾದವನನ್ನು ಎಲ್ಲಾದರೂ ದೂರ ಇಡಬೇಕು. 2017ರ 'ಜಸ್ಟಿಸ್ ಲೀಗ್' ಸೂಪರ್‌ಮ್ಯಾನನ್ನು ಅರ್ಧ ದಾರಿಯವರೆಗೆ ಹೆಣವಾಗಿಯೇ ಇಟ್ಟಿತು. ಎದ್ದು ಬಂದ ಮೇಲೆ ಉಳಿದವರಿಗೆ ಕೆಲಸವೇ ಉಳಿಯಲಿಲ್ಲ. ನಮ್ಮಲ್ಲಿ ಈ ಹಂಚಿಕೆಯನ್ನು ಪೋಸ್ಟರೇ ಮಾಡುತ್ತದೆ. 2019ರ ಆಗಸ್ಟಿನಲ್ಲಿ ಬಂದ 'ಕುರುಕ್ಷೇತ್ರ'ದಲ್ಲಿ ದರ್ಶನ್ ದುರ್ಯೋಧನ. ಗದಾಯುದ್ಧದ ಫಲ ಎಲ್ಲರಿಗೂ ಗೊತ್ತಿದ್ದರೂ ಶಿಳ್ಳೆ ಯಾರಿಗೆ ಎಂಬುದು ಟಿಕೆಟ್ ಹರಿಯುವ ಮೊದಲೇ ತೀರ್ಮಾನವಾಗಿತ್ತು. 1977ರ 'ಬಭ್ರುವಾಹನ'ದವರು ಜಾಣರು: ಸೋಲುವ ಅರ್ಜುನನೂ ರಾಜ್‌ಕುಮಾರ್, ಗೆಲ್ಲುವ ಮಗನೂ ರಾಜ್‌ಕುಮಾರ್. ಜಗಳಾಡಲು ಅಭಿಮಾನಿಗೆ ಆಸ್ಪದವೇ ಇಲ್ಲ.

ಹಾಗಾದರೆ ವ್ಯಾಸರೇನು ಸಾಚಾ ಲೆಕ್ಕ ಇಟ್ಟಿದ್ದರೇ ಎಂದು ಯಾರಾದರೂ ಕೇಳಬಹುದು. ವಿರಾಟನ ಗೋವು ಬಿಡಿಸಲು ಹೋದ ಅರ್ಜುನ ಭೀಷ್ಮ, ದ್ರೋಣ, ಕರ್ಣರನ್ನೆಲ್ಲ ಒಬ್ಬನೇ ಸೋಲಿಸಿದ. ಕುರುಕ್ಷೇತ್ರದಲ್ಲಿ ಭೀಷ್ಮನೊಬ್ಬನನ್ನು ಕೆಡವಲು ಹತ್ತು ದಿನವೂ ಮುಂದೊಬ್ಬ ಶಿಖಂಡಿಯೂ ಬೇಕಾಯಿತು. ಕೃಷ್ಣ ಹೋದ ಮೇಲಂತೂ ದಾರಿಗಳ್ಳರ ಎದುರಿಗೂ ಗಾಂಡೀವ ಸಾಗಲಿಲ್ಲ. ಏರುಪೇರು ಅಲ್ಲಿಯೂ ಇದೆ, ನಿಜ. ಆದರೆ ಅಲ್ಲಿ ಬಲ ಇಳಿದಾಗಲೆಲ್ಲ ಕಾರಣ ಇರುತ್ತದೆ: ಕರ್ಣನ ಕವಚ ಇಂದ್ರನ ಪಾಲಾಯಿತು, ಪರಶುರಾಮನ ಶಾಪ ತಟ್ಟಿತು, ಅರ್ಜುನನ ಹಿಂದಿದ್ದ ಕೃಷ್ಣ ಇಲ್ಲವಾದ. ದೊಡ್ಡಾಟದಲ್ಲಿ ವೇಷ ರಂಗಕ್ಕೆ ಬಂದರೆ ಸಾರಥಿ ತಡೆದು ಕುಲ ಗೋತ್ರವನ್ನೆಲ್ಲ ವಿಚಾರಿಸುತ್ತಾನೆ. ಹಾಲಿವುಡ್ಡಿಗೆ ಅಂಥ ಸಾರಥಿ ಸಿಕ್ಕಿಲ್ಲ. ನಮ್ಮ ಭೀಮಾ ನದಿಯ ಬಲವೂ ಹೀಗೆಯೇ ಏರಿಳಿಯುತ್ತದೆ: ಬೇಸಿಗೆಯಲ್ಲಿ ಬರೀ ಉಸುಕು, 2020ರ ಅಕ್ಟೋಬರಿನಲ್ಲಿ ಊರೊಳಗೇ ಬಂದ ಪ್ರವಾಹ. ಅದನ್ನು ಯಾರೂ ತರ್ಕಕ್ಕೆ ನಿಲುಕದ ನದಿ ಎನ್ನಲಿಲ್ಲ, ಮೇಲೆ ಉಜನಿ ಅಣೆಕಟ್ಟಿನಿಂದ ನೀರು ಬಿಟ್ಟದ್ದು ಎಲ್ಲರಿಗೂ ಗೊತ್ತಿತ್ತು.

ಕಾರಣ ತೋರಿಸಿದರೆ ಸಾಕು ಎಂಬ ಈ ಅಳತೆಯಲ್ಲಿ ಥಾರ್ ಮೇಲಿನ ದೂರು ಮಾತ್ರ ವಜಾ: ಐದು ವರ್ಷ ಕುಡಿದು ಬೆಳೆಸಿದ ಅವನ ಹೊಟ್ಟೆಯನ್ನು ಸಿನಿಮಾದವರು ಸಾಕ್ಷಿಗೆ ತಂದಿದ್ದಾರೆ. ಥಾನೋಸನಿಂದ ಒಂದು ಸಲ ಹೊಡೆತ ತಿಂದ ಹಲ್ಕ್ ಆಮೇಲೆ ಎಷ್ಟು ಕರೆದರೂ ಏಕೆ ಹೊರಗೆ ಬರಲಿಲ್ಲ, ಅಂಜಿದನೋ ಮುನಿದನೋ, ಅದನ್ನು ಸಿನಿಮಾ ನೆಟ್ಟಗೆ ಹೇಳಲಿಲ್ಲ. ಆ ಒಂದು ದೂರಿನಲ್ಲಿ ಕಾಕಾ ಗೆದ್ದ.