ಯಾರ ಕಡಿಯಾಂವ?

"ಬೆಂಬಲಿಗರಿಂದ ಅದ್ದೂರಿ ಸ್ವಾಗತ ಅಂತ ಬರದಾರ ನೋಡ್ರಿ ಕಾಕಾ," ಅಂದೆ, ಪೇಪರ್ ಕಂಪೌಂಡಿನ ಮ್ಯಾಲೆ ಚಾಚಿ.

ಮಗ್ಗ ಬಿಟ್ಟು ಎದ್ದುಬಂದ ಕಾಕಾ ಎಲಿಗೆ ಸುಣ್ಣ ಹಚ್ಚಾಕತ್ತಿದ್ದ. "ಯಾವ ಬೆಂಬಲಿಗಪಾ? ಇಳಕಲ್ಲಿನ್ಯಾಗ ಯಾರ ಬಾಯಾಗೂ ಆ ಶಬ್ದ ಕೇಳಿಲ್ಲ ನಾ. ಅಂವ ಗೌಡ್ರ ಕಡಿಯಾಂವ, ಇಂವ ಸಾವ್ಕಾರ್ರ ಮನಿಷ್ಯಾ ಅಂತೀವಿ. ನಮ್ಮ ಕಡಿಯಾಂವ ಆದ್ರ ಕಾರ್ಯಕರ್ತ, ಎದುರಿನಾವ್ರ ಕಡಿಯಾಂವ ಆದ್ರ ಚೇಲಾ!"

"ಸಿನಿಮಾದವ್ರಿಗೆ ಅಭಿಮಾನಿಗೋಳು ಇರ್ತಾರಲ್ರಿ."

"ಅದು ಬ್ಯಾರೆ. ರಾಜಕುಮಾರ್ ಅವ್ರು ಅಭಿಮಾನಿಗಳನ್ನ ದೇವ್ರು ಅಂದ್ರು. ಬೆಂಬಲಿಗ ದೇವ್ರ ಅಂತ ಯಾವ ಲೀಡರ್ ಅಂದಾನ ಹೇಳು?"

ನನ್ನ ಪಂಡಿತಿಕಿ ಅಲ್ಲಿಂದ ಸುರು ಆತು. ಬೆನ್ನು, ಬಲ ಎರಡೂ ಕೂಡಿ ಬೆಂಬಲ. ಬೆನ್ನ ಹಿಂದ ನಿಂತು ಬಲ ಕೊಡಾಂವ ಬೆಂಬಲಿಗ, ಅಂದೆ. ಕಾಕಾ ನಕ್ಕ. "ಹುನಗುಂದಕ್ಕ ಹೋಗು, ಬಾಗಲಕೋಟಿಗೆ ಹೋಗು, ಫ್ಲೆಕ್ಸ್ ನೋಡು. ಲೀಡರ್ ಮೂಲ್ಯಾಗ ಹೆಬ್ಬೆಟ್ಟಿನಷ್ಟ ಇರ್ತಾನ, ನಡುವ ಆಳೆತ್ತರ ಇಂವ, ಕಪ್ಪು ಚಸ್ಮಾ ಹಾಕ್ಕೊಂಡು. ಯಾರ ಬೆನ್ನಿಗೆ ಯಾರು ನಿಂತಾರ?"

ಹಳೇ ಶಾಸನದಾಗ ಇಂಥವ್ರಿಗೆ ಪಕ್ಕಾ ಹೆಸರಿದ್ದುವು ಅಂದೆ. ಲೆಂಕ, ವೇಳೆವಾಳಿ, ಜೋಳವಾಳಿ. ಜೋಳ ಅಂದ ಕೂಡ್ಲೆ ಕಾಕಾನ ಕೈ ಎಲಿ ಮ್ಯಾಲೇ ನಿಂತ್ತು. ಒಡೆಯ ಕೊಟ್ಟ ಜೋಳ ಉಂಡದ್ದಕ್ಕ ರಣದಾಗ ಜೀವ ಕೊಡೂದು ಜೋಳವಾಳಿ. ಪಂಪನ ಕರ್ಣ ದುರ್ಯೋಧನನ ಕೈ ಬಿಡಲಿಲ್ಲಲ್ಲ, ಹಂಗ. ವೇಳೆವಾಳಿ ಇನ್ನೂ ಖಡಕ್: ಒಡೆಯ ಸತ್ತ ದಿನ ನಾನೂ ಸಾಯ್ತೀನಿ ಅಂತ ಭಾಷೆ ಕೊಟ್ಟಾಂವ. ಹೊಯ್ಸಳ ದೊರಿ ಎರಡನೇ ವೀರಬಲ್ಲಾಳ 1220ರಾಗ ತೀರಿಕೊಂಡಾಗ ಅವನ ದಂಡನಾಯಕ ಕುವರಲಕ್ಷ್ಮ ಹೆಂಡತಿ ಸಹಿತ ಜೀವ ಬಿಟ್ಟ, ಹಳೇಬೀಡಿನ್ಯಾಗ ಕಂಬ ಇನ್ನೂ ಐತಿ.

"ಹೆಂಡ್ತಿ ಏನ್ ಮಾಡಿದ್ಲಪಾ ಪಾಪ?" ಕಾಕಾ ಗದರಿದ. ನನಗೂ ಉತ್ತರ ಹೊಳೀಲಿಲ್ಲ.

"ಬಾದಾಮಿ ಬಂಡಿಗಲ್ಲಿನ ಮ್ಯಾಲೆ ಕಪ್ಪೆ ಅರಭಟ್ಟ ಅಂತ ಒಬ್ಬ ಅದಾನಲ್ಲ, ಅಂವ ಯಾರ ಕಡಿಯಾಂವ?"

"ಆ ಶಾಸನದಾಗ ರಾಜನ ಹೆಸರ ಇಲ್ರಿ. ಒಳ್ಳೇವ್ರಿಗೆ ಬೇಕಾದಾಂವ, ಕೆಟ್ಟವ್ರಿಗೆ ದೂರ, ಅಷ್ಟ."

"ಹಂಗಾದ್ರ ಅವಗ ಟಿಕೆಟ್ ಸಿಗೂದಿಲ್ಲ ಬಿಡು," ಅಂದ ಕಾಕಾ. ಆಮ್ಯಾಲೆ ತಾನೇ ಮಾತು ಹೊಳ್ಳಿಸಿದ. "ಖರೇ ಬೆಂಬಲ ನೋಡಬೇಕಂದ್ರ ಜಮಖಂಡಿ ಕಡೆ ಚಿಕ್ಕಪಡಸಲಗಿಗೆ ಹೋಗು. ಸರಕಾರದ ದಾರಿ ಕಾಯದ ರೈತರು ತಾವ ರೊಕ್ಕ ಹಾಕಿ, ತಾವ ಮೈ ಬಗ್ಗಿಸಿ ಕೃಷ್ಣಾ ಹೊಳಿಗೆ ಬ್ಯಾರೇಜ್ ಕಟ್ಟಿದ್ರು, 1989ರಾಗ. ಮುಂದ ನಿಂತಿದ್ದ ಸಿದ್ದು ನ್ಯಾಮಗೌಡ್ರು 'ಬ್ಯಾರೇಜ್ ಸಿದ್ದು' ಆದ್ರು. ಎರಡ ವರ್ಷಕ್ಕ ಬಾಗಲಕೋಟಿ ಲೋಕಸಭಾದಾಗ ರಾಮಕೃಷ್ಣ ಹೆಗಡೆಯಂಥವ್ರನ್ನ ಸೋಲಿಸಿದ್ರು. ಮುಖ್ಯಮಂತ್ರಿ ಆದಾವ್ರನ್ನ! ಕಲ್ಲು-ಉಸುಕಿನ ಲೆಕ್ಕ ಮೊದಲ, ಓಟಿನ ಲೆಕ್ಕ ಆಮ್ಯಾಲೆ. ಈಗ ಎಲ್ಲಾ ಉಲ್ಟಾ."

"ಈಗೂ ಜೋಳವಾಳಿ ಅದಾರ್ರಿ ಕಾಕಾ, ಜೋಳದ ಬದಲಿ ಬಿರ್ಯಾನಿ ಬಂದೈತಿ."

"ಬಿರ್ಯಾನಿ ಒಂದ ಹೊತ್ತಿಂದಪಾ. ಸಂಜೀಕ ಇನ್ನೊಬ್ರ ಟೆಂಟಿನ್ಯಾಗ ಇರ್ತಾನ."

ಒಳಗಿಂದ ಕಾಕು ಕೂಗಿದ್ರು, ರೊಟ್ಟಿ ಆರಾಕತ್ತಾವು ಅಂತ. ಕಾಕಾ ಬಾಯಾಗಿನ ಎಲಿ ಉಗುಳಿ, ಅರ್ಧ ಮಾತಿಗೇ ಹೊಂಟ.

"ಎಲ್ಲಿಗ್ರಿ, ಇನ್ನೂ ಮಾತ ಮುಗದಿಲ್ಲ?"

"ಜೋಳ ಹಾಕಾಕಿ ಕರದ್ಲಲ್ಲೋ!"