ರಾಯರ ಪದ್ಮಿನಿ

ಜಯನಗರ, ಮಲ್ಲೇಶ್ವರ, ಮೈಸೂರಿನ ಸರಸ್ವತೀಪುರ... ಹಳೇ ಬಡಾವಣೆ ಯಾವುದೇ ಇರಲಿ, ಅಲ್ಲೊಬ್ಬ ರಾಯರು ಸಿಕ್ಕೇ ಸಿಗುತ್ತಾರೆ. ಅವರ ಪೋರ್ಟಿಕೋದಲ್ಲಿ ಪ್ರೀಮಿಯರ್ ಪದ್ಮಿನಿ: 1978ರ ಮಾಡೆಲ್ಲು, ಸಿಂಗಲ್ ಓನರ್, ಸ್ಟೀರಿಂಗ್ ಪಕ್ಕದಲ್ಲೇ ಗೇರು. ಮಗನ ದೊಡ್ಡ ಕಾರು ಬೀದಿಯ ಮರದಡಿ ಕಾಗೆ ಹಿಕ್ಕೆ ಹೊದ್ದು ನಿಂತಿರುತ್ತದೆ. ಬ್ಯಾಂಕಿನಿಂದ ನಿವೃತ್ತರಾದ ಮೇಲೆ ರಾಯರು ಹಿಡಿದಿರುವ ಸಂಶೋಧನೆ ಒಂದೇ. ಪದ್ಮಿನಿಗೆ ಈಗ ಎಷ್ಟು ಬಂದೀತು?

ಇನ್ಶೂರೆನ್ಸ್ ಪಟ್ಟಿಯಲ್ಲಿ ಉತ್ತರವಿಲ್ಲ. ಅದು ವರ್ಷವರ್ಷ ಬೆಲೆ ಇಳಿಸುತ್ತ, ಐದನೇ ವರ್ಷಕ್ಕೆ ಅರ್ಧ ಕಳೆದು ಕೈಚೆಲ್ಲುತ್ತದೆ. ಆಮೇಲೆ ಕಂಪನಿಯೂ ಮಾಲೀಕರೂ ಮಾತಾಡಿ ಒಪ್ಪಿಕೊಂಡಷ್ಟು. ರಾಯರು ಒಪ್ಪಿದ್ದನ್ನು ಏಜೆಂಟ್ ಇನ್ನೂ ಕಂಡಿಲ್ಲ. ಗುಜರಿಯವನು ಮಾತ್ರ ತಕ್ಷಣ ಹೇಳಿದ, ತೂಕದ ಲೆಕ್ಕದಲ್ಲಿ. ಅವತ್ತು ರಾತ್ರಿ ರಾಯರು ಮಜ್ಜಿಗೆ ಕುಡಿದು ಮಲಗಿದರು.

ಅವರ ಲೆಕ್ಕ ಜರ್ಮನಿಯಿಂದ ಶುರುವಾಗುತ್ತದೆ. 1955ರ ಮರ್ಸಿಡಿಸ್ ಕೂಪೆಯೊಂದು 2022ರ ಮೇ ತಿಂಗಳಲ್ಲಿ 13.5 ಕೋಟಿ ಯೂರೊಗೆ ಹರಾಜಾಯಿತಲ್ಲ! "ಅದಕ್ಕೇ ಅಷ್ಟಾದರೆ..." ಎಂದು ಮಾತು ಅರ್ಧಕ್ಕೆ ನಿಲ್ಲಿಸುತ್ತಾರೆ. "ತಾತ, ಅಂಥದ್ದು ಮಾಡಿದ್ದೇ ಎರಡು. ಪದ್ಮಿನಿ ಮುಂಬೈಯಲ್ಲಿ 2023ರವರೆಗೂ ಟ್ಯಾಕ್ಸಿ ಓಡ್ತು," ಎಂದು ಮೊಮ್ಮಗ ನಡುವೆ ಬಾಯಿ ಹಾಕಬಾರದಿತ್ತು.

"ಟ್ಯಾಕ್ಸಿ ಬೇರೆ, ಪ್ರೈವೇಟ್ ಬೇರೆ ಕಣೋ! ಶಾಸ್ತ್ರಿಗಳು ಪ್ರಧಾನಿಯಾಗಿದ್ದಾಗ ಕೊಂಡದ್ದು ಇದೇ ವಂಶದ ಫಿಯಟ್ಟನ್ನು."

ಹೌದು. 12,000 ರೂಪಾಯಿ ಕಾರು. ಕೈಯಲ್ಲಿ ಸಾಲದೆ ಲಾಲ್ ಬಹಾದ್ದೂರ್ ಶಾಸ್ತ್ರಿ ಪಂಜಾಬ್ ನ್ಯಾಷನಲ್ ಬ್ಯಾಂಕಿನಿಂದ 5,000 ಸಾಲ ಪಡೆದರು. ಅವರು ತೀರಿಕೊಂಡ ಮೇಲೆ ಲಲಿತಾ ಶಾಸ್ತ್ರಿ ಪೆನ್ಷನ್ನಿನಲ್ಲಿ ಆ ಸಾಲ ತೀರಿಸಿದರು. ಕಂತಿನ ವಿಷಯಕ್ಕೆ ಬಂದಾಗ ನಮ್ಮ ಬ್ಯಾಂಕಿನ ರಾಯರ ಗಂಟಲು ಕಟ್ಟುತ್ತದೆ.

ಅವರ ಹಟಕ್ಕೆ ಚರಿತ್ರೆಯ ಬೆಂಬಲವೂ ಇದೆಯೆನ್ನಿ. 1983ರ ಡಿಸೆಂಬರಿನಲ್ಲಿ ಮಾರುತಿ 800 ಬರುವ ತನಕ ಕಾರು ಬುಕ್ ಮಾಡಿದವರು ವರ್ಷಗಟ್ಟಲೆ ಕಾಯಬೇಕಿತ್ತು. ಕೈಗೆ ಬಂದ ಕಾರನ್ನು ಮರುದಿನವೇ ಮಾರಿದರೂ ಕೊಟ್ಟದ್ದಕ್ಕಿಂತ ಹೆಚ್ಚು ಸಿಗುತ್ತಿತ್ತು. ಓಡಿಸಿದಷ್ಟೂ ಕಾರಿನ ಬೆಲೆ ಇಳಿಯುತ್ತದೆಂಬುದು ಆ ಪೀಳಿಗೆಗೆ ತಡವಾಗಿ ಮುಟ್ಟಿದ ಸುದ್ದಿ.

ಇನ್ನೊಂದು ಆಸೆ, 2028. ಕೇಂದ್ರದ 2021ರ ನಿಯಮದಂತೆ 50 ವರ್ಷ ದಾಟಿ, ಎಂಜಿನ್, ಬಾಡಿ, ಚಾಸಿ ಮೂಲದಲ್ಲಿದ್ದಂತೆಯೇ ಇದ್ದರೆ ಅದು ವಿಂಟೇಜ್. ಹಾಗಾಗಿ ಮಗ ಎಸಿ ಹಾಕಿಸೋಣವೆಂದರೆ ಮನೆಯಲ್ಲಿ ಯುದ್ಧ. ಆದರೆ ವಿಂಟೇಜ್ ನಂಬರು ಬಂದ ಮೇಲೆ ದಿನನಿತ್ಯದ ಓಡಾಟಕ್ಕೆ ಕಾರು ತೆಗೆಯುವಂತಿಲ್ಲ. "ಹಾಗಾದರೆ ತರಕಾರಿಗೆ ಯಾವುದರಲ್ಲಿ ಹೋಗ್ತೀರಿ?" ಎಂದು ಅವರ ಮನೆಯವರು ಕೇಳಿದ ಪ್ರಶ್ನೆ ಇನ್ನೂ ಪರಿಶೀಲನೆಯಲ್ಲಿದೆ.

ಪಾರ್ಟಿಗಳು ಬರುತ್ತಾರೆ. ಅರಿತವರಾದರೆ ಬಾನೆಟ್ಟಿಗೆ ಮುಂಚೆ ಮ್ಯಾಟ್ ಎತ್ತಿ ನೆಲದ ತುಕ್ಕು ನೋಡುತ್ತಾರೆ, ಚಾಸಿ ನಂಬರನ್ನು ಆರ್‌ಸಿ ಬುಕ್ಕಿಗೆ ತಾಳೆ ಹಾಕುತ್ತಾರೆ, ಪೇಂಟಿನಡಿ ಪುಟ್ಟಿ ಮೆತ್ತಿದೆಯೋ ಎಂದು ಅಯಸ್ಕಾಂತ ಆಡಿಸುತ್ತಾರೆ. ಅಯಸ್ಕಾಂತವನ್ನೂ, ಪೇಂಟಿಗೆ ಗೀರು ಬೀಳದಂತೆ ಅದಕ್ಕೆ ಸುತ್ತುವ ಬಟ್ಟೆಯನ್ನೂ ರಾಯರೇ ಒದಗಿಸುತ್ತಾರೆ. ಆಮೇಲೆ ಅವರ ಸರದಿ. ಮನೆಗೆ ಶೆಡ್ ಇದೆಯೇ? ಡ್ರೈವರ್ ಇಟ್ಟಿದ್ದೀರೋ, ನೀವೇ ಓಡಿಸುತ್ತೀರೋ? ಕಾರಿನಲ್ಲಿ ಕೂತು ಕುರುಕಲು ತಿಂಡಿ ತಿನ್ನುವ ಮಕ್ಕಳಿದ್ದಾರೆಯೇ? ಎಲ್ಲಕ್ಕೂ ಸರಿಯುತ್ತರ ಕೊಟ್ಟು, ಹೇಳಿದ ಬೆಲೆಗೂ ಒಪ್ಪಿದ ಒಬ್ಬ ಪುಣ್ಯಾತ್ಮ ಅಡ್ವಾನ್ಸ್ ತೆಗೆದ. ಒಪ್ಪಿದನೆಂದ ಮೇಲೆ ತಾನು ಕಡಿಮೆ ಹೇಳಿರಬೇಕೆಂದು ರಾಯರಿಗೆ ಖಾತ್ರಿಯಾಯಿತು. ಅಲ್ಲೇ 50,000 ಏರಿಸಿದರು.

ಪದ್ಮಿನಿ ನೋಡುವ ಆಸೆಯಿದ್ದರೆ ನೀವೂ ಹೋಗಿ. ಕಾಫಿ ಚೆನ್ನಾಗಿರುತ್ತದೆ. ಚೆಕ್ ಪುಸ್ತಕ ಮಾತ್ರ ಮನೆಯಲ್ಲೇ ಬಿಟ್ಟು ಹೋಗಿ. ಆ ಕಾರು ಮಾರಾಟಕ್ಕಿಲ್ಲ.