ನಖರಂಜನೀ ಮೀಮಾಂಸೆ: ಬೀರುವಿನ ಬಣ್ಣಗಳ ಪುನರ್ಜನ್ಮವನ್ನು ಕುರಿತ ಶಾಸ್ತ್ರವಿಚಾರ

ಪೀಠಿಕೆ: ಲೋಕದ ಸಕಲ ಪ್ರಸಾಧನಗಳೂ ಎರಡೇ ಬಗೆ. ಹಚ್ಚಿ ಮುಗಿದವು, ಹಚ್ಚದೆ ಉಳಿದವು. ಮೊದಲನೆಯದಕ್ಕೆ ಕನ್ನಡಿಯೇ ಸಾಕ್ಷಿ, ಎರಡನೆಯದಕ್ಕೆ ಬೀರುವಿನ ಕೆಳಖಾನೆ. ಅಮೆರಿಕದ ನಾದಿನಿ ತಂದುಕೊಟ್ಟ ಐ ಶ್ಯಾಡೋ ಡಬ್ಬಿಯಲ್ಲಿ ಕಂದು ಮಾತ್ರ ತಳ ಕಂಡಿದ್ದು, ನವಿಲುನೀಲಿಯೂ ಗಿಳಿಹಸಿರೂ ಬ್ರಹ್ಮಚರ್ಯದಲ್ಲಿವೆ. ಇವುಗಳಿಗೆ ಸದ್ಗತಿ ಯಾವುದೆಂಬುದೇ ಪ್ರಸ್ತುತ ಜಿಜ್ಞಾಸೆ.

ಪೂರ್ವಪಕ್ಷ: ಈ ವಿಷಯದಲ್ಲಿ ಎರಡು ಮತಗಳಿವೆ. 'ಬಿಸಾಕಿ' ಎನ್ನುವವರು ವಿಸರ್ಜನವಾದಿಗಳು. ಇವರಲ್ಲಿ ಗಂಡಂದಿರೇ ಹೆಚ್ಚು. 'ಇರಲಿ, ಯಾವುದಾದರೂ ಮದುವೆಗೆ ಬೇಕಾದೀತು' ಎನ್ನುವವರು ಸಂಗ್ರಹವಾದಿಗಳು. ಮೊದಲನೆಯವರು ಬೆಲೆ ತಿಳಿಯದವರು, ಎರಡನೆಯವರು ಎಕ್ಸ್‌ಪೈರಿ ಡೇಟ್ ಓದದವರು. ಆದ್ದರಿಂದ ಎರಡೂ ಮತಗಳು ತ್ಯಾಜ್ಯ. ಮೂರನೆಯದಾದ ಸಂಯೋಗವಾದವೇ ಗ್ರಾಹ್ಯ: ರೆಪ್ಪೆ ಒಲ್ಲದ ಪುಡಿಯನ್ನು ಬಣ್ಣವಿಲ್ಲದ ನೇಲ್ ಪಾಲಿಶ್‌ಗೆ ಧಾರೆಯೆರೆದು ಕೊಡತಕ್ಕದ್ದು.

ಕುಲವಿಚಾರ: ಸಂಬಂಧ ಕೂಡಿಸುವ ಮುನ್ನ ಎರಡೂ ಕಡೆಯವರನ್ನು ವಿಚಾರಿಸಬೇಕಷ್ಟೆ. ಪುಡಿಯ ಹೊಳಪು ಅಭ್ರಕದ್ದು. ಕಂದು ಕೆಂಪುಗಳು ಐರನ್ ಆಕ್ಸೈಡಿನವು, ಅಂದರೆ ಕುಲೀನ ತುಕ್ಕಿನವು. ಅಂಗಡಿಯ ಉಗುರುಬಣ್ಣದಲ್ಲೂ ಇವೇ ಇರುವುದರಿಂದ ಅರ್ಹತೆಗೆ ಕುಂದಿಲ್ಲ. ವರನ ವಂಶ ಮಾತ್ರ ಉಗ್ರ. ಒಣಗಿ ಪೊರೆಕಟ್ಟುವ ನೈಟ್ರೋಸೆಲ್ಯುಲೋಸಿನ ಮೂಲಪುರುಷ, 1846ರಲ್ಲಿ ಬಾಸೆಲ್‌ನ ರಸಾಯನಶಾಸ್ತ್ರಿ ಷೋನ್‌ಬೈನ್ ಪ್ರಕಟಿಸಿದ ಸಿಡಿಹತ್ತಿ. ನೈಟ್ರೋಜನ್ ತಗ್ಗಿಸಿಕೊಂಡು ಸಾಧುವಾದ ಶಾಖೆ 1920ರ ದಶಕದಲ್ಲಿ ಅಮೆರಿಕದ ಕಾರುಗಳಿಗೆ ಪೇಂಟ್ ಆಯಿತು, ಉಗುರಿಗೂ ಇಳಿಯಿತು. ತೋಪಿನಿಂದ ಕಿರುಬೆರಳಿನವರೆಗಿನ ಈ ಪಯಣವೇ ನಾಗರಿಕತೆಯ ನಿಜವಾದ ಇತಿಹಾಸ.

ಪ್ರಯೋಗವಿಧಿ: ಹಲ್ಲುಕಡ್ಡಿಯಿಂದ ಐ ಶ್ಯಾಡೋ ಕೆರೆದು, ಚಮಚದ ಬೆನ್ನಿನಿಂದ ನುಣ್ಣಗೆ ಅರೆಯತಕ್ಕದ್ದು. ಪಾಲಿಶ್ ಬಾಟಲಿಯಲ್ಲಿ ಸ್ವಲ್ಪ ಜಾಗ ಮಾಡಿ, ಕಾಗದದ ಪೊಟ್ಟಣದ ತುದಿ ಕತ್ತರಿಸಿ, ಪುಡಿಯನ್ನು ಇಳಿಬಿಡತಕ್ಕದ್ದು. ಒಂದೆರಡು ಸ್ಟೇನ್‌ಲೆಸ್ ಸ್ಟೀಲ್ ಗುಂಡು ಹಾಕಿ ಕುಲುಕತಕ್ಕದ್ದು. ತುಕ್ಕು ಹಿಡಿಯುವ ಗುಂಡಾದರೆ ತನ್ನದೇ ಬಣ್ಣವನ್ನು ಬಿಟ್ಟೀತು. ಲಿಪ್‌ಸ್ಟಿಕ್‌ಗೆ ಇಲ್ಲಿ ಪ್ರವೇಶವಿಲ್ಲ. ಅದರ ಎಣ್ಣೆ ಮೇಣಗಳಿಂದ ಪಾಲಿಶ್ ಒಣಗದೆ, ಬೆರಳು ಅಗಲಿಸಿಕೊಂಡು ಕೂತವರು ಕೂತೇ ಇರಬೇಕಾದೀತು. ಒಲೆಯ ಬಳಿ ಈ ಕರ್ಮ ನಿಷಿದ್ಧ, ಆವಿಗೆ ಬೆಂಕಿ ತಗಲುತ್ತದೆ, ವಂಶಗುಣ ಮರೆಯಬಾರದು. ಕಂಪನಿಗಳು ವಿಶೇಷ ಜೇಡಿ ಬೆರೆಸಿ ಬಣ್ಣವನ್ನು ತೇಲಿಸಿಡುತ್ತವೆ. ಗೃಹಕೃತ ರಂಜನಿಯಲ್ಲಿ ಅದು ಮೆಲ್ಲಗೆ ತಳ ಸೇರುವುದರಿಂದ ಪ್ರತಿಸಲ ಕುಲುಕುವುದೇ ನಿತ್ಯಕರ್ಮ.

ಸಿದ್ಧಾಂತ: ಡಬ್ಬಿ ದಂಡವಾಗಬಾರದೆಂದು ಹೊರಟವರು ಪಾಲಿಶ್ ಕೊಂಡರು, ಗುಂಡು ಕೊಂಡರು, ಮೇಜಿನ ಮೇಲೆ ಚೆಲ್ಲಿದ್ದನ್ನು ಒರೆಸಲು ರಿಮೂವರನ್ನೂ ಕೊಂಡರು. ಇದಕ್ಕೆ ಗೃಹಶಾಸ್ತ್ರದಲ್ಲಿ ಉಳಿತಾಯವೆಂದು ಹೆಸರು. ನವಿಲುನೀಲಿ ರೆಪ್ಪೆಗೆ ಬೇಡವಾದ ಕಾರಣಕ್ಕೇ ಉಗುರಿಗೂ ಬೇಡವಾಗಿ, ಬಾಟಲಿ ಅದೇ ಕೆಳಖಾನೆ ಸೇರಿತು. ಇದರಿಂದ ಹೊರಡುವ ನಿಯಮ: ನಿರುಪಯೋಗವನ್ನು ನಾಶಮಾಡಲಾಗದು, ಡಬ್ಬಿಯಿಂದ ಬಾಟಲಿಗೆ ವರ್ಗಾಯಿಸಬಹುದು ಅಷ್ಟೆ.

ಹಾಗಾದರೆ ಶ್ರಮ ವ್ಯರ್ಥವೇ? ಅಲ್ಲ. ಅರ್ಧ ಬಳಸಿದ ಡಬ್ಬಿಯನ್ನು ಯಾರಿಗೂ ಕೊಡಲಾಗದು, ಬಾಟಲಿಯನ್ನು ಕೊಡಬಹುದು. 'ಮನೆಯಲ್ಲೇ ಮಾಡಿದ್ದು ಕಣ್ರೀ' ಎಂದ ಮೇಲೆ ಬೇಡವೆನ್ನುವ ಎದೆಗಾರಿಕೆ ಯಾರಿಗಿದೆ? ಅರಿಶಿನ ಕುಂಕುಮಕ್ಕೆ ಬಂದವರ ಕೈ ಸೇರಿದರೆ ಅದು ರವಿಕೆ ಕಣದಂತೆ ಮನೆಯಿಂದ ಮನೆಗೆ ಸುತ್ತತೊಡಗುತ್ತದೆ. ಭೇದ ಒಂದೇ: ರವಿಕೆ ಕಣ ಎಷ್ಟು ವರ್ಷ ಸುತ್ತಿದರೂ ಒಣಗುವುದಿಲ್ಲ, ಪಾಲಿಶ್ ಒಣಗುತ್ತದೆ. ಆದಕಾರಣ ಪಡೆದವರು ಮುಂದಿನ ಮನೆಗೆ ಬೇಗ ದಾಟಿಸತಕ್ಕದ್ದು. ಬಾಟಲಿ ಗಟ್ಟಿಯಾದಾಗ ಯಾರ ಮನೆಯಲ್ಲಿರುತ್ತದೋ, ಬಿಸಾಕುವ ಪಾಪ ಅವರದು.